ಸವಳು ಹಾಕುವ ಮೊದಲು ಮಾಳಿಗೆ ಕೆರೆಯಿರಿ

ರೋಹಿಣಿ ಮಳೆ ಹತ್ತಿರ ಬಂತೆಂದರೆ ನಮ್ಮ ಯಲಬುರ್ಗಾ ಕಡೆ ಚಕ್ಕಡಿಗಳು ಹಳ್ಳದ ದಂಡೆಗೆ ಹೋಗಿ ಸವಳು ಮಣ್ಣು ತುಂಬಿಕೊಂಡು ಬರುತ್ತಿದ್ದವು. ಮಣ್ಣಿನ ಮಾಳಿಗೆ ಇದ್ದವರೆಲ್ಲ ಅದನ್ನು ಮೇಲೆ ಹರವಿ ಮಳೆಗಾಲಕ್ಕೆ ತಯಾರಾಗಬೇಕು. ಈಗ ಆರ್.ಸಿ.ಸಿ. ಮನೆಗಳು ಬಹಳ ಆಗಿವೆ. ಆದರೂ ಮಾಳಿಗೆ ಮನೆಯಲ್ಲೇ ಇರುವವರು, ಇಲ್ಲವೆ ಮುಂದೆ ಹೊಸ ಮನೆ ಕಟ್ಟಿ ಹಿಂದಿನ ಮಾಳಿಗೆಯನ್ನು ದನಕ್ಕೆ, ಕಾಳಿಗೆ ಇಟ್ಟುಕೊಂಡವರು ಇನ್ನೂ ಇದ್ದಾರೆ. ನಾನು ಎರಡನೇ ಪೈಕಿ. ಬ್ಯಾಸಿಗೆ ಮಧ್ಯಾಹ್ನ ನಾನು ಅಡ್ಡಾಗೋದು ಹಳೆ ಮಾಳಿಗೆ ಕೆಳಗೇ, ಹೊಸ ಮನೆಯೊಳಗೆ ಅಲ್ಲ.

ಸವಳು ಹಾಕೋದು ಎಲ್ಲರಿಗೂ ಗೊತ್ತಿರೋದೇ, ಅದರಲ್ಲಿ ಬರೆಯೋದೇನು ಅನ್ನಬಹುದು. ನನಗೂ ಗೊತ್ತು ಅಂತಲೇ ನಾನು ತಿಳಿದಿದ್ದೆ.

ಅಪ್ಪ 1995ರಲ್ಲಿ ತೀರಿಕೊಂಡ. ಅಲ್ಲಿಂದ ಮಾಳಿಗೆ ಕೆಲಸ ನನ್ನ ಪಾಲಿಗೆ ಬಂತು. ಪ್ರತಿ ವರ್ಷ ತಪ್ಪದೆ ಸವಳು ತಂದೆ, ಹಾಕಿದೆ. ಎಲ್ಲಿ ಸೋರಿತೋ ಅಲ್ಲಿಗೆ ಇನ್ನೆರಡು ಬುಟ್ಟಿ ಹೆಚ್ಚು. ಹೀಗೆ 14 ವರ್ಷ. 2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಉತ್ತರ ಕರ್ನಾಟಕದವರು ಯಾರೂ ಮರೆತಿಲ್ಲ. ಊರೂರಲ್ಲಿ ಮಣ್ಣಿನ ಮನೆ ಬಿದ್ದವು. ನಮ್ಮ ದನದ ಅಂಕಣದ ತೊಲೆ ರಾತ್ರಿ ಹೊತ್ತಿನಲ್ಲಿ ಲಟ್ ಅಂತು. ಎದ್ದು ಓಡಿ ಒಂದು ಎತ್ತಿನ ಹಗ್ಗ ಬಿಚ್ಚಿ ಹೊರಗೆ ಎಳೆದೆ. ಎರಡನೆಯದಕ್ಕೆ ಹೋಗುವಷ್ಟರಲ್ಲಿ ಮಾಳಿಗೆ ಕೂತುಬಿಟ್ಟಿತು.

ಮಳೆ ಹೊಳವಾದ ಮೇಲೆ ಮಣ್ಣು ತೆಗೆಯುವಾಗ ಬೀಳದೆ ಉಳಿದ ಅಂಚನ್ನು ಅಳೆದೆ. ಒಂದು ಮೊಳ ದಪ್ಪ ಇತ್ತು, ಅಂದರೆ 18 ಅಂಗುಲ. ಅಪ್ಪನ ಕಾಲದಲ್ಲಿ ಅದು ಎಂಟು ಅಂಗುಲದ ಮೇಲೆ ಇರಲಿಲ್ಲ. ಅವ್ವ ಅಲ್ಲೇ ನಿಂತಿದ್ದಳು. "ನಿಮ್ಮಪ್ಪ ಸಲಿಕಿ ಹಿಡಕೊಂಡು ಮ್ಯಾಲ ಏನ್ ಮಾಡ್ತಿದ್ದ ಅಂತ ನೀ ನೋಡೇ ಇಲ್ಲೇನು?" ಅಂದಳು. ನೋಡಿದ್ದೆ. ಕಸ ತೆಗೀತಾನೆ ಅಂತ ತಿಳಿದಿದ್ದೆ. ಆತ ಹಳೆ ಸವಳು ಕೆರೆದು ಕೆಳಗೆ ಹಾಕುತ್ತಿದ್ದ.

ಲೆಕ್ಕ ಸುಲಭ ಇದೆ, ನೀವೇ ಹಾಕಿ ನೋಡ್ರಿ. ಒಂದು ಘನ ಅಡಿ ಹಸಿ ಮಣ್ಣು ಕಡಿಮೆ ಅಂದರೂ 50 ಕೆ.ಜಿ. ತೂಗುತ್ತದೆ. ನಮ್ಮ ಅಂಕಣ 12 ಅಡಿಗೆ 15 ಅಡಿ. ಅದರ ಮೇಲೆ ಒಂದೇ ಅಂಗುಲ ಮಣ್ಣು ಹಾಕಿದರೆ 15 ಘನ ಅಡಿ, ಏಳೂವರೆ ಕ್ವಿಂಟಲ್ ಆಯಿತು. ನಾನು ಹೆಚ್ಚಿಗೆ ಕೂಡಿಸಿದ್ದು ಹತ್ತು ಅಂಗುಲ. ಎಪ್ಪತ್ತೈದು ಚೀಲ ಜೋಳವನ್ನು ಮುದಿ ತೊಲೆ ಮೇಲೆ ಒಟ್ಟಿ, ಅದರ ಕೆಳಗೆ ಎತ್ತು ಕಟ್ಟಿದ್ದೆ. ಒಣಗಿದ್ದಾಗ ತೊಲೆ ಹೇಗೋ ತಾಳಿತ್ತು. ಮೂರು ದಿನ ನೆನೆದ ಮೇಲೆ ತಾಳಲಿಲ್ಲ.

ಸವಳು ಯಾಕೆ ನೀರು ಬಿಡೋದಿಲ್ಲ?

ಇದು ನನಗೆ ತಿಳಿದದ್ದು ಹೊಲಕ್ಕೆ ಜಿಪ್ಸಂ ಹಾಕಲು ಹೇಳಿದ ಕೃಷಿ ಇಲಾಖೆಯವರಿಂದ. ಇಂಥ ಮಣ್ಣಿನಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದ ಕೂಡಲೆ ಜೇಡಿಯ ಸಣ್ಣ ಕಣಗಳು ಒಂದನ್ನೊಂದು ಬಿಟ್ಟು ಬಿಡಿಬಿಡಿಯಾಗಿ, ಉಬ್ಬಿ, ಮಣ್ಣಿನ ಸಂದುಗಳಲ್ಲಿ ಕೂತು ಮುಚ್ಚಿಬಿಡುತ್ತವೆ. ಮೇಲೆ ಕೆನೆಯಂಥ ಪದರ ಆಗುತ್ತದೆ. ಹೊಲದಲ್ಲಿ ಇದೇ ರೋಗ. ನೀರು ಇಳಿಯೋದಿಲ್ಲ, ಬೀಜ ಮೇಲೆ ಬರೋದಿಲ್ಲ. ಮಾಳಿಗೆ ಮೇಲೆ ಇದೇ ಗುಣ. ಜಿಪ್ಸಂ ಹಾಕಿದರೆ ಅದರಲ್ಲಿನ ಕ್ಯಾಲ್ಸಿಯಂ ಕಣಗಳನ್ನು ಮತ್ತೆ ಕೂಡಿಸಿ ಸಂದು ತೆರೆಸುತ್ತದೆ. ಹಂಗಾಗಿ ಜಿಪ್ಸಂ ಹಾಕಿ ಸುಧಾರಿಸಿದ ಹೊಲದ ಮಣ್ಣು ಮಾಳಿಗೆಗೆ ಬೇಡ.

ಬೆಳ್ಳಗೆ ಉಪ್ಪು ಹೂತದ್ದೆಲ್ಲ ಮಾಳಿಗೆಗೆ ಬರುವ ಸವಳಲ್ಲ. ಕೆಲವು ಮಣ್ಣಿನಲ್ಲಿ ಬರೇ ಉಪ್ಪು ಇರುತ್ತದೆ, ಕೆನೆ ಕಟ್ಟುವ ಗುಣ ಇರೋದಿಲ್ಲ. ನಾನು ಹೀಗೆ ಪರೀಕ್ಷೆ ಮಾಡುತ್ತೇನೆ. ಗಾಜಿನ ಲೋಟದಲ್ಲಿ ಮಳೆ ನೀರು ತೆಗೆದುಕೊಂಡು ಒಂದು ಚಿಟಿಕೆ ಮಣ್ಣು ಕದಡಿ ರಾತ್ರಿ ಇಡೀ ಇಡೋದು. ಬೆಳಿಗ್ಗೆ ಮೇಲಿನ ನೀರು ರಾಡಿಯಾಗೇ ಇದ್ದರೆ ಮಣ್ಣು ಒಳ್ಳೆಯದು. ತಿಳಿಯಾಗಿ ಮಣ್ಣು ತಳಕ್ಕೆ ಕೂತಿದ್ದರೆ ಆ ಮಣ್ಣು ಬಿಡಿ. ಬೋರಿನ ಸಪ್ಪೆ-ಉಪ್ಪು ನೀರಿನಲ್ಲಿ ಈ ಪರೀಕ್ಷೆ ಮಾಡಬಾರದು. ನೀರಿನ ಉಪ್ಪಿಗೇ ಎಂಥ ಮಣ್ಣಾದರೂ ತಳ ಕೂತು ಮೋಸ ಮಾಡುತ್ತದೆ. ಹಳ್ಳದ ಪಕ್ಕ ತಗ್ಗಿನಲ್ಲಿ ಮಳೆ ನೀರು ನಿಂತು ನಾಲ್ಕು ದಿನವಾದರೂ ತಿಳಿಯಾಗದೆ ಇದ್ದರೆ, ಅಲ್ಲಿನ ಮಣ್ಣನ್ನು ಲೋಟವಿಲ್ಲದೆಯೂ ಆರಿಸಬಹುದು. ಹಿರಿಯರು ಹಾಗೇ ಆರಿಸುತ್ತಿದ್ದರು.

ಮುಂಗಾರಿಗೆ ಮೊದಲು

ಮೊದಲು ಮೇಲೆ ಹತ್ತಬೇಡಿ, ಒಳಗೆ ನೋಡ್ರಿ. ತೊಲೆ ಗೋಡೆಯೊಳಗೆ ಹೋಗುವ ತುದಿಯೇ ಮೊದಲು ಕೊಳೆಯುವ ಜಾಗ, ಯಾಕೆಂದರೆ ಅಲ್ಲಿ ಗಾಳಿ ಆಡೋದಿಲ್ಲ. ಚಾಕುವಿನ ಮೊನೆ ಚುಚ್ಚಿದರೆ ಗಟ್ಟಿ ಕಟ್ಟಿಗೆ ತಡೆಯುತ್ತದೆ, ಕೊಳೆತದ್ದು ಒಳಗೆ ಬಿಟ್ಟುಕೊಳ್ಳುತ್ತದೆ. ಜಂತಿಗಳ ಮೇಲೆ ಗೆದ್ದಲಿನ ಮಣ್ಣಿನ ಗೆರೆ ಇದೆಯೇ, ಹಳೆ ಸೋರಿಕೆಯ ಕಲೆ ಎಲ್ಲಿದೆ ನೋಡಿ ಗುರುತು ಇಟ್ಟುಕೊಳ್ಳಿ. ಜಗ್ಗಿದ ತೊಲೆಗೆ ಆಗಲೇ ಕೆಳಗಿನಿಂದ ಕಂಬ ಕೊಡಬೇಕು. ಕಂಬದ ಬುಡಕ್ಕೆ ಚಪ್ಪಟೆ ಕಲ್ಲು ಇರಲಿ, ಬರೀ ನೆಲಕ್ಕೆ ಊರಿದರೆ ಹಸಿಗೆ ಇಳಿದುಹೋಗುತ್ತದೆ.

ಮೇಲೆ ಹತ್ತಿದ ಮೇಲೆ ಗವಾಕ್ಷಿ ಬಾಯಿಯ ಕಲ್ಲು ಸರಿಸಿದರೆ ಮಣ್ಣು ಎಷ್ಟು ದಪ್ಪ ಇದೆ ಅಂತ ಅಲ್ಲೇ ಕಾಣುತ್ತದೆ. ಅಳೆಯಲು ಮಾಳಿಗೆಗೆ ಸರಳು ಚುಚ್ಚುವ ಕೆಲಸ ಬೇಡ. ಎಂಟು ಅಂಗುಲಕ್ಕಿಂತ ಜಾಸ್ತಿ ಇದ್ದರೆ, ಈ ವರ್ಷ ಎಷ್ಟು ಹಾಕುತ್ತೀರೋ ಅದಕ್ಕಿಂತ ಹೆಚ್ಚು ಕೆರೆದು ತೆಗೆಯಬೇಕು. ಹಳೆ ಮಾಳಿಗೆ ಬಹಳ ದಪ್ಪ ಇದ್ದರೆ ಎರಡು ಮೂರು ವರ್ಷದಲ್ಲಿ ಸ್ವಲ್ಪ ಸ್ವಲ್ಪ ಇಳಿಸಿ. ಕೆರೆದ ಮಣ್ಣನ್ನು ಗೋಡೆ ಪಕ್ಕಕ್ಕೇ ಗುಡ್ಡೆ ಹಾಕಬೇಡಿ, ನೀರು ನಿಂತು ಬುಡ ನೆನೆಯುತ್ತದೆ. ತಿಪ್ಪೆಗೂ ಹಾಕಬೇಡಿ. ಹೊಲಕ್ಕೆ ಹೋದರೆ ಅಲ್ಲಿ ಸವಳಾಯಿತು!

ಹುಲ್ಲು ಕಿತ್ತರೆ ಸಾಲದು, ಬೇರು ಬರಬೇಕು. ಒಳಗೆ ಸತ್ತ ಬೇರು ಕೊಳೆತು ಕೊಳವೆಯಾಗುತ್ತದೆ. ಹಕ್ಕಿ ಹಿಕ್ಕೆಯಿಂದ ಹುಟ್ಟಿದ ಬೇವು, ಅರಳಿ ಸಸಿ ಬೆರಳುದ್ದ ಇದ್ದಾಗಲೇ ತೆಗೆಯಿರಿ. ಇಲಿ ಬಿಲ ಇದ್ದರೆ ಅಗೆದು, ಹೊಟ್ಟು ಬೆರೆಸಿದ ಕೆಸರಿನಿಂದ ತುಂಬಿ ಬಡಿಯಬೇಕು. ಮೇಲೆ ಕಾಳು ಒಣಗಿಸಿ ಸರಿಯಾಗಿ ಗುಡಿಸದೆ ಬಿಟ್ಟರೆ ಇಲಿ ಬಂದೇ ಬರುತ್ತದೆ.

ಇಷ್ಟಾದ ಮೇಲೆ ಸವಳು. ಹೆಂಟೆ ಒಡೆದು, ಜರಡಿ ಹಿಡಿದು, ಒಣ ಪುಡಿಯನ್ನು ಮೊದಲು ಬಿರುಕುಗಳಿಗೆ ಕಸಬರಿಗೆಯಿಂದ ಗುಡಿಸಿ ತುಂಬಬೇಕು. ಆಮೇಲೆ ಒಂದು ಬೆರಳು ದಪ್ಪ ಎಲ್ಲ ಕಡೆ ಹರವಿ ಬಡಿಮಣೆಯಿಂದ ಬಡಿಯಿರಿ. ಕುಂಬಿ ಮತ್ತು ಮಾಳಿಗೆ ಕೂಡುವ ಮೂಲೆಗೆ ಜಾಸ್ತಿ ಹಾಕಿ ಇಳಿಜಾರು ಮಾಡಬೇಕು, ಸೋರೋದು ಹೆಚ್ಚಾಗಿ ಅಲ್ಲಿಂದಲೇ. ಮೊದಲ ಮಳೆಗೆ ಅದು ತಾನೇ ಕೆನೆ ಕಟ್ಟುತ್ತದೆ. ಹಸಿ ಇದ್ದಾಗ ತುಳಿಯಬೇಡಿ.

ಮೊದಲ ಮಳೆ ನಿಂತ ಹತ್ತು ನಿಮಿಷಕ್ಕೆ ಏಣಿ ಮೇಲೆ ನಿಂತೇ ಇಣುಕಿ ನೋಡ್ರಿ. ನೀರು ಎಲ್ಲಿ ನಿಂತಿದೆಯೋ ಅಲ್ಲಿಗೆ ಒಂದು ಕಲ್ಲು ಎಸೆದು ಗುರುತು ಮಾಡಿ. ಮಾರನೇ ದಿನ ಒಣಗಿದ ಮೇಲೆ ಆ ತಗ್ಗಿಗೆ ಮಾತ್ರ ಮಣ್ಣು ಹಾಕಿದರೆ ಸಾಕು. ನಾನು ಮಾಡಿದಂತೆ ಸೋರಿತೆಂದು ಎಲ್ಲ ಕಡೆ ಬುಟ್ಟಿ ಸುರಿಯೋದು ದಂಡ. ದೋಣಿ ಗೋಡೆಯಿಂದ ಒಂದೂವರೆ ಅಡಿಯಾದರೂ ಹೊರಗೆ ಚಾಚಿರಬೇಕು. ಕಟ್ಟಿಗೆ ದೋಣಿ ಕೊಳೆತಿದ್ದರೆ ಪಿ.ವಿ.ಸಿ. ಪೈಪು ಹಾಕಿದರೂ ನಡೆಯುತ್ತದೆ. ನೀರು ಬೀಳುವಲ್ಲಿ ಒಂದು ಹಾಸುಗಲ್ಲು ಇಡಿ.

ಕೆಲವರು ಈ ಕಾಟವೇ ಬೇಡ ಅಂತ ಮಣ್ಣಿನ ಮೇಲೆ ಸಿಮೆಂಟ್ ಹಾಕಿಸುತ್ತಾರೆ. ಮಣ್ಣು ಬಿಸಿಲಿಗೆ ಕುಗ್ಗುತ್ತದೆ, ಮಳೆಗೆ ಉಬ್ಬುತ್ತದೆ. ಸಿಮೆಂಟ್ ಅದರ ಸಂಗಡ ಹೋಗೋದಿಲ್ಲ, ಸೀಳುತ್ತದೆ. ಸೀಳಿನಲ್ಲಿ ಇಳಿದ ನೀರು ಮತ್ತೆ ಆರಲು ದಾರಿ ಇಲ್ಲ, ಕಟ್ಟಿಗೆ ಒಳಗೇ ಕೊಳೆಯುತ್ತದೆ. ಮೇಲಿಂದ ಸಿಮೆಂಟಿನ ತೂಕ ಬೇರೆ. ಟಿ.ವಿ. ಡಿಶ್ ಕೂಡಿಸುವವರು ಮಾಳಿಗೆಗೆ ತೂತು ಹೊಡೆಯಲು ಬಂದರೆ ಕುಂಬಿಗೆ ಹಾಕಲು ಹೇಳ್ರಿ. ನೀರಿನ ಟಾಕಿಯಂತೂ ಮಾಳಿಗೆ ಮೇಲೆ ಬೇಡವೇ ಬೇಡ. ಸಾವಿರ ಲೀಟರ್ ಅಂದರೆ ಹತ್ತು ಕ್ವಿಂಟಲ್.

ಹಿಂಗಾರಿಗೆ ಮತ್ತೊಮ್ಮೆ

ನಮ್ಮ ಕಡೆ ಆಷಾಢದಲ್ಲಿ ಮಳೆ ಕೈ ಕೊಡೋದು ರೂಢಿ. ಆಗ ಮಾಳಿಗೆ ಒಣಗಿ ಕೂದಲು ಬಿರುಕು ಬಿಡುತ್ತದೆ. ದೊಡ್ಡ ಮಳೆ ಬರೋದು ಉತ್ತರಿ, ಹಸ್ತದಲ್ಲಿ. ಅದಕ್ಕೆ ಹುಬ್ಬಿ ಮಳೆ ಮುಗಿಯುವುದರೊಳಗೆ ಮತ್ತೊಮ್ಮೆ ಹತ್ತಿ, ಎರಡು ಮೂರು ಬುಟ್ಟಿ ಪುಡಿ ಸವಳನ್ನು ಬಿರುಕಿಗೆ ಗುಡಿಸಬೇಕು. ಅದಕ್ಕಾಗಿ ಬ್ಯಾಸಿಗೆಯಲ್ಲೇ ಒಂದು ಚೀಲ ತುಂಬಿ ಒಳಗೆ ಇಟ್ಟಿರಿ. ಆಮೇಲೆ ತರಬೇಕೆಂದರೆ ಹಳ್ಳದ ದಂಡೆ ಹಸಿ ಇರುತ್ತದೆ.

ಜಡಿಮಳೆ ಹಿಡಿದಾಗ ಹನಿ ಬಿದ್ದರೆ ಕೆಳಗೆ ಬೋಗುಣಿ ಇಟ್ಟು ಸುಮ್ಮನಿರಿ. ಮಳೆಯಲ್ಲಿ ಮೇಲೆ ಹತ್ತಿ ಓಡಾಡಿದರೆ ಕೆನೆ ಒಡೆದು ಹನಿ ಇದ್ದದ್ದು ಧಾರೆಯಾಗುತ್ತದೆ. ಆದರೆ ಜಂತಿ ಸಂದಿನಿಂದ ಮಣ್ಣು ಉದುರತೊಡಗಿದರೆ, ಮೊನ್ನೆ ಸಲೀಸಾಗಿ ಹಾಕುತ್ತಿದ್ದ ಬಾಗಿಲು ಇವತ್ತು ಚೌಕಟ್ಟಿಗೆ ಹಿಡಿಯುತ್ತಿದ್ದರೆ, ತೊಲೆ ಕಿರ್ ಅಂದರೆ, ಕಂಬ ಕೊಡಲು ಒಳಗೆ ನಿಲ್ಲಬೇಡಿ. ಮಕ್ಕಳು, ಮುದುಕರು ಮೊದಲು ಹೊರಗೆ, ಆಮೇಲೆ ದನ. ಮಳೆಗಾಲದಲ್ಲಿ ದನದ ಹಗ್ಗಕ್ಕೆ ಗಂಟು ಬಿಗಿಯುವುದನ್ನು ನಾನು ಬಿಟ್ಟಿದ್ದೇನೆ. ಎಳೆದರೆ ಬಿಚ್ಚುವ ಜಾರುಗಂಟನ್ನೇ ಹಾಕುತ್ತೇನೆ.