ಅಲೆ ಕೊಂಡೊಯ್ದ ಉಂಗುರ, ಮರಳು ಕೊಟ್ಟ ಓಲೆ

ಬೈರಮಂಗಲಕ್ಕೆ ಕಡಲಿಲ್ಲ, ಕೆರೆಯುಂಟು. ವೃಷಭಾವತಿಯು ಬೆಂಗಳೂರಿನ ಕೊಳೆಯನ್ನೆಲ್ಲ ಹೊತ್ತು ತಂದು ತುಂಬುವ ಆ ಕೆರೆಯಲ್ಲಿ ಇಂದು ಮೀಯುವ ಮಾತು ದೂರವೇ ಉಳಿಯಿತು. ಆ ನೀರು ಮುಂದೆ ಅರ್ಕಾವತಿಯನ್ನು ಸೇರಿ, ಕನಕಪುರ ಸೀಮೆಯ ಸಂಗಮದಲ್ಲಿ ಕಾವೇರಿಯೊಡನೆ ಕೂಡಿ, ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಅದೇ ಕರಾವಳಿಯಲ್ಲಿ ಇನ್ನೂ ದಕ್ಷಿಣಕ್ಕೆ ಹೋದರೆ ವೇಳಾಂಗಣಿ. ನಮ್ಮ ಕಡೆಯ ಅನೇಕ ಕಥೋಲಿಕ ಕುಟುಂಬಗಳು ಜೀವಮಾನದಲ್ಲಿ ಮೊದಲು ಕಡಲನ್ನು ಕಂಡದ್ದು ಅಲ್ಲಿಯೇ, ಆರೋಗ್ಯ ಮಾತೆಯ ಯಾತ್ರೆಗೆ ಹೋದಾಗ.

ಹರಕೆಯ ಮುಡಿ ಕೊಟ್ಟು, ಕಡಲಿನಲ್ಲಿ ಮಿಂದು, ಅನಂತರ ಮಾತೆಯ ಸನ್ನಿಧಿಗೆ ಹೋಗುವುದು ಅಲ್ಲಿಗೆ ಬರುವ ಯಾತ್ರಾರ್ಥಿಗಳಲ್ಲಿ ಬಹಳ ಮಂದಿಯ ರೂಢಿ. ಹೋದ ವರ್ಷ ಸೆಪ್ಟೆಂಬರ್ 8ರ ಹಬ್ಬದ ಜನಸಂದಣಿ ಇಳಿದ ಮೇಲೆ ಬೈರಮಂಗಲದಿಂದ ಹೊರಟ ಬಸ್ಸಿನಲ್ಲಿ ನಾವೂ ಇದ್ದೆವು. ನಮ್ಮೊಂದಿಗಿದ್ದ ಒಬ್ಬ ತಾಯಿ ದೀರ್ಘಕಾಲದ ಕಾಯಿಲೆಯಿಂದ ಚೇತರಿಸಿಕೊಂಡು, ಕೃತಜ್ಞತೆ ಸಲ್ಲಿಸಲು ಬಂದವರು. ಕಾಯಿಲೆಯು ಅವರ ಕೈಬೆರಳುಗಳನ್ನು ಕೃಶವಾಗಿಸಿತ್ತು. ಮದುವೆಯ ದಿನ ಗುರುಗಳು ಆಶೀರ್ವದಿಸಿಕೊಟ್ಟ ಉಂಗುರವು ಸಡಿಲವಾಗಿದ್ದರೂ ಅದನ್ನು ತೆಗೆದಿಡಲು ಅವರಿಗೆ ಮನಸ್ಸು ಬಂದಿರಲಿಲ್ಲ. ಮೂರನೆಯ ಅಲೆಗೋ ನಾಲ್ಕನೆಯ ಅಲೆಗೋ ಬೆರಳು ಬರಿದಾಯಿತು.

ಇಡೀ ಬಸ್ಸೇ ಮರಳಿಗೆ ಇಳಿಯಿತೆಂದರೆ ಅತಿಶಯವಲ್ಲ. ಹೆಂಗಸರು ಸೆರಗಿನಲ್ಲಿ ಮರಳು ತುಂಬಿ ಜಾಲಿಸಿದರು. ಹಿರಿಯರು ಕಳೆದುಹೋದ ವಸ್ತುಗಳನ್ನು ದೊರಕಿಸುವ ಸಂತ ಅಂತೋಣಿಯವರನ್ನು ಕರೆದರು. ಬಿಡದಿಯ ಕಾರ್ಖಾನೆಯೊಂದರಲ್ಲಿ ದುಡಿಯುವ ತರುಣನೊಬ್ಬ ಮಾತ್ರ, "ಮೆಟಲ್ ಡಿಟೆಕ್ಟರ್ ಇದ್ದಿದ್ದರೆ ಐದು ನಿಮಿಷದ ಕೆಲಸ" ಎಂದ. ಅಲ್ಲಿ ವಿಚಾರಿಸಿದವರಲ್ಲಿ ಯಾರ ಬಳಿಯೂ ಅಂಥ ಸಾಧನವಿರಲಿಲ್ಲ. ಊರಿಗೆ ಮರಳಿದ ಮೇಲೆ ಆ ತರುಣನ ಮಾತು ಎಷ್ಟರ ಮಟ್ಟಿಗೆ ನಿಜವೆಂದು ನಾವು ಓದಿ, ತಿಳಿದವರನ್ನು ಕೇಳಿ ನೋಡಿದೆವು. ಐದು ನಿಮಿಷದ ಕೆಲಸವಂತೂ ಅಲ್ಲ.

ಈ ಲೋಹಶೋಧಕವನ್ನು ಅಯಸ್ಕಾಂತವೆಂದು ತಿಳಿದವರು ನಮ್ಮಲ್ಲಿ ಹಲವರಿದ್ದಾರೆ. ನದಿಯ ಸ್ನಾನಘಟ್ಟಗಳಲ್ಲಿ ಹುಡುಗರು ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ನೀರಿಗಿಳಿಸಿ ನಾಣ್ಯಗಳನ್ನು ಎತ್ತುವುದುಂಟು. ಉಕ್ಕಿನ ನಾಣ್ಯವಾದರೆ ಅದು ಅಂಟಿಕೊಂಡು ಬರುತ್ತದೆ, ಬಂಗಾರ ಬಾರದು. ಲೋಹಶೋಧಕದ ರೀತಿಯೇ ಬೇರೆ. ಅದರ ತುದಿಯ ಬಳೆಯಲ್ಲಿ ತಂತಿಯ ಸುರುಳಿಯಿದೆ. ಅದರೊಳಗೆ ಏರಿಳಿಯುವ ವಿದ್ಯುತ್ತು ಹರಿದಾಗ ಸುತ್ತಲೂ ಬದಲಾಗುತ್ತಿರುವ ಕಾಂತಕ್ಷೇತ್ರ ಉಂಟಾಗುತ್ತದೆ. ಮರಳಿನೊಳಗೆ ಉಂಗುರವಿದ್ದರೆ ಆ ಕ್ಷೇತ್ರವು ಉಂಗುರದಲ್ಲಿಯೂ ಕಿರಿದಾದ ವಿದ್ಯುತ್ ಪ್ರವಾಹಗಳನ್ನು ಹುಟ್ಟಿಸುತ್ತದೆ. ಆ ಪ್ರವಾಹಗಳು ಹಿಂದಕ್ಕೆ ಕಳುಹಿಸುವ ಕ್ಷೀಣ ಉತ್ತರವನ್ನು ಯಂತ್ರವು ಗುರುತಿಸಿ, ಕಿವಿಗೆ ಸದ್ದಾಗಿ ಕೇಳಿಸುತ್ತದೆ.

ದೂರವಾಣಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರು 1881ರಲ್ಲಿ ಇಂಥದೊಂದು ಸಾಧನವನ್ನು ಅವಸರದಲ್ಲಿ ರಚಿಸಿ, ಗುಂಡೇಟು ತಿಂದಿದ್ದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ಮೈಯಲ್ಲಿ ಗುಂಡನ್ನು ಹುಡುಕಿದ್ದರು. ಹಾಸಿಗೆಯ ಲೋಹದ ತಂತಿಗಳೂ ಅಡ್ಡಿಯಾದವೆಂದು ಹೇಳುತ್ತಾರೆ. ಗುಂಡು ಸಿಗಲಿಲ್ಲ, ಅಧ್ಯಕ್ಷರು ಉಳಿಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೈನ್ಯಾಧಿಕಾರಿ ಯೋಜೆಫ್ ಕೊಸಾಟ್ಸ್ಕಿ ಅವರು ನೆಲಬಾಂಬ್ ಪತ್ತೆಮಾಡಲು ರೂಪಿಸಿದ ಸಾಧನವು 1942ರಲ್ಲಿ ಎಲ್ ಅಲಮೇನ್ ಮರಳುಗಾಡಿನಲ್ಲಿ ಬಳಕೆಯಾಯಿತು. ಪ್ರಾಣ ಉಳಿಸಲೆಂದು ಹುಟ್ಟಿದ ವಿದ್ಯೆ ಇಂದು ಕಡಲತೀರಗಳಲ್ಲಿ ಉಂಗುರ ಹುಡುಕುತ್ತಿದೆ.

ಆದರೆ ಕಡಲತಡಿಯು ಈ ಯಂತ್ರಕ್ಕೆ ಕಠಿಣವಾದ ಪರೀಕ್ಷೆ. ಉಪ್ಪುನೀರು ತಾನೇ ವಿದ್ಯುತ್ತನ್ನು ಹರಿಯಗೊಡುವುದರಿಂದ ಒದ್ದೆ ಮರಳಿನ ಮೇಲೆ ಸಾಧಾರಣ ಯಂತ್ರಗಳು ಏನೂ ಇಲ್ಲದೆಡೆಯೂ ಕೂಗುತ್ತವೆ. ಕಬ್ಬಿಣದ ಅಂಶವುಳ್ಳ ಕಪ್ಪು ಮರಳಿದ್ದರಂತೂ ಗೊಂದಲ ಇಮ್ಮಡಿ. ಕ್ಷಣಕ್ಷಣಕ್ಕೂ ವಿದ್ಯುತ್ತಿನ ಮಿಡಿತ ಕಳುಹಿಸಿ, ನಿಲ್ಲಿಸಿ, ಉತ್ತರವನ್ನು ಆಲಿಸುವ ಬೇರೊಂದು ಬಗೆಯ ಯಂತ್ರವು ಈ ಉಪ್ಪಿಗೆ ಅಂಜುವುದಿಲ್ಲ. ಅದಕ್ಕೆ ಕಬ್ಬಿಣದ ಮೊಳೆ ಯಾವುದು, ಬಂಗಾರ ಯಾವುದು ಎಂಬ ವಿವೇಕ ಕಡಿಮೆ. ಸದ್ದಾದಲ್ಲೆಲ್ಲ ಅಗೆಯಬೇಕು, ಸೋಡಾ ಶೀಷೆಯ ಮುಚ್ಚಳಗಳನ್ನು ರಾಶಿ ಹಾಕಬೇಕು. ಉಂಗುರದಷ್ಟು ಚಿಕ್ಕ ವಸ್ತು ಒಂದು ಗೇಣಿನ ಆಳದಲ್ಲಿದ್ದರೆ ಸಿಕ್ಕೀತು. ಅದಕ್ಕಿಂತ ಬಹಳ ಕೆಳಗಿಳಿದರೆ ಆಸೆ ಕಡಿಮೆ. ಬಂಗಾರ ಇಳಿಯುವುದೂ ಬೇಗ: ಅಪ್ಪಟ ಚಿನ್ನವು ನೀರಿಗಿಂತ 19 ಪಟ್ಟಿಗೂ ಹೆಚ್ಚು ತೂಕದ್ದು, ಮರಳಿನ ಕಣವು ಮೂರು ಪಟ್ಟೂ ಇಲ್ಲ. ಅಲೆ ಕದಡಿದಷ್ಟೂ ಹಗುರವಾದುದು ಮೇಲಕ್ಕೆ, ಭಾರವಾದುದು ಕೆಳಕ್ಕೆ. ಅಕ್ಕಸಾಲಿಗರ ಅಂಗಡಿಯ ಕಸವನ್ನು ತೊಳೆದು ಚಿನ್ನದ ಹುಡಿಯನ್ನು ಬೇರ್ಪಡಿಸುವ ಜಲಗಾರರು ನೆಚ್ಚಿಕೊಂಡದ್ದು ಇದೇ ಗುಣವನ್ನು. ನಮ್ಮ ತಾಯಂದಿರು ಸೆರಗಿನಲ್ಲಿ ಮರಳು ಜಾಲಿಸಿದ್ದೂ ಮೂಲದಲ್ಲಿ ಅದೇ ವಿದ್ಯೆ. ಕಡಲು ಮಾತ್ರ ಸೆರಗಿಗಿಂತ ಬಹಳ ದೊಡ್ಡದು.

ಕೆನಡಾ ದೇಶದ ವ್ಯಾಂಕೂವರಿನ ಕ್ರಿಸ್ ಟರ್ನರ್ ಎಂಬವರು ಉಂಗುರ ಹುಡುಕಿಕೊಡುವವರ ಬಳಗವೊಂದನ್ನು ಕಟ್ಟಿದ್ದಾರೆ. ಈಗ ಹಲವು ದೇಶಗಳಲ್ಲಿ ಅದರ ಸದಸ್ಯರಿದ್ದಾರೆ. ಕಳೆದುಕೊಂಡವರು ಕರೆದರೆ ಯಂತ್ರದೊಂದಿಗೆ ಬರುತ್ತಾರೆ. ಪ್ರತಿಫಲವನ್ನು ಕೊಡುವವರ ಮನಸ್ಸಿಗೇ ಬಿಡುವವರು ಅವರಲ್ಲಿ ಅನೇಕರು. ಅವರು ಮೊದಲು ಕೇಳುವುದು, ಎಲ್ಲಿ ನಿಂತಿದ್ದಿರಿ, ಯಾವ ಹೊತ್ತು, ನೀರು ಎಲ್ಲಿಯವರೆಗಿತ್ತು ಎಂದು. ನಮ್ಮ ಬಸ್ಸಿನ ಐವತ್ತು ಜನ ಐವತ್ತು ಕಡೆ ತುಳಿದಾಡಿ ಆ ಗುರುತನ್ನೇ ಅಳಿಸಿಬಿಟ್ಟಿದ್ದೆವು. ಒಬ್ಬರು ಅಲ್ಲಾಡದೆ ನಿಂತು, ಮತ್ತೊಬ್ಬರು ಮೊಬೈಲಿನಲ್ಲಿ ಆ ಸ್ಥಳವನ್ನು ಗುರುತಿಸಿಟ್ಟುಕೊಂಡಿದ್ದರೆ ಏನಾದರೂ ಮಾಡಬಹುದಿತ್ತೋ ಏನೋ.

ಈ ಹುಡುಕಾಟದ ನಡುವೆಯೇ ಇನ್ನೊಂದು ಸಂಗತಿ ನಡೆಯಿತು. ಹತ್ತು ವರ್ಷದ ಹುಡುಗನೊಬ್ಬ, "ಸಿಕ್ತು!" ಎಂದು ಕೂಗಿ ಓಡಿಬಂದ. ಅಂಗೈಯಲ್ಲಿದ್ದುದು ಉಂಗುರವಲ್ಲ, ಒಂದು ಓಲೆ. ತಿರುಪು ಇರಲಿಲ್ಲ. ಬಂಗಾರದ್ದೇ ಎಂದು ತಿಳಿದವರು ಹೇಳಿದರು.

ಆಮೇಲಿನ ಚರ್ಚೆ ನಮಗೆ ಉಂಗುರಕ್ಕಿಂತ ಹೆಚ್ಚಾಗಿ ನೆನಪಿದೆ. ಒಂದಕ್ಕೆ ಬದಲಾಗಿ ಮಾತೆಯೇ ಇನ್ನೊಂದನ್ನು ಕೊಟ್ಟಳೆಂದರು ಕೆಲವರು. ಕಾಣಿಕೆಪೆಟ್ಟಿಗೆಗೆ ಹಾಕಿದರೆ ಯಾರಿಗೂ ಪಾಪವಿಲ್ಲವೆಂದರು ಇನ್ನು ಕೆಲವರು. ಎರಡನೆಯ ಮಾತು ನಮಗೂ ಸರಿಯೆನಿಸಿತ್ತೆಂದು ಒಪ್ಪಿಕೊಳ್ಳುತ್ತೇವೆ. ಆಗ ಉಂಗುರ ಕಳೆದುಕೊಂಡ ತಾಯಿಯೇ ಹುಡುಗನನ್ನು ಹತ್ತಿರ ಕರೆದು, "ಕಂಡೋರ ಒಡವೆ ಕಣೋ ಮಗ. ಅವರೂ ನನ್ನಂಗೆ ಅತ್ಕೊಂಡು ಹೋಗಿರ್ತಾರೆ. ನಮ್ದಲ್ಲದ್ದ ಕಾಣಿಕೆ ಹಾಕಕ್ಕೆ ನಾವ್ಯಾರು?" ಎಂದರು.

ಅವರು ಕಾನೂನು ಓದಿದವರಲ್ಲ. ಕಾನೂನು ಹೇಳುವುದೂ ಬಹುಮಟ್ಟಿಗೆ ಅದನ್ನೇ. ಹಳೆಯ ಭಾರತೀಯ ದಂಡ ಸಂಹಿತೆಯ 403ನೆಯ ಕಲಮಿನಲ್ಲಿ ಉಂಗುರದ ಉದಾಹರಣೆಯೇ ಇತ್ತು: ಬೆಲೆಬಾಳುವ ಉಂಗುರ ಸಿಕ್ಕವನು, ಅದು ಯಾರದೆಂದು ತಿಳಿಯಲು ಯತ್ನಿಸದೆ ಒಡನೆ ಮಾರಿಬಿಟ್ಟರೆ ಅಪರಾಧಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಮು ಅದನ್ನು ಉಳಿಸಿಕೊಂಡಿದೆ. 1872ರ ಕರಾರು ಕಾಯ್ದೆಯ ಪ್ರಕಾರ, ಸಿಕ್ಕ ವಸ್ತುವನ್ನು ಕೈಗೆತ್ತಿಕೊಂಡವನು ಅದನ್ನು ಒಪ್ಪಿಸಿಕೊಂಡವನಂತೆ ಜೋಪಾನ ಮಾಡಬೇಕು. ಒಡೆಯನು ಬಹುಮಾನವನ್ನು ಸಾರಿದ್ದರೆ ಅದನ್ನು ಕೇಳಿ ಪಡೆಯಲು ಹಕ್ಕುಂಟು. ಧರ್ಮಸಭೆಯೂ ಈ ವಿಷಯದಲ್ಲಿ ಸಡಿಲ ಬಿಟ್ಟಿಲ್ಲ. 1992ರಲ್ಲಿ ಹೊರಬಂದ ಧರ್ಮೋಪದೇಶ ಗ್ರಂಥವು, ಕಳೆದುಹೋದ ವಸ್ತುವನ್ನು ಬೇಕೆಂದೇ ಇಟ್ಟುಕೊಳ್ಳುವುದನ್ನು ಏಳನೆಯ ಕಟ್ಟಳೆಗೆ ವಿರುದ್ಧವೆಂದು ಎಣಿಸುತ್ತದೆ. ಹತ್ತು ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡು ದೀಪ ಹಚ್ಚಿ ಮನೆ ಗುಡಿಸಿದ ಹೆಂಗಸಿನ ಸಾಮತಿಯನ್ನು ನಾವೆಲ್ಲ ಬಲ್ಲೆವು. ಆಕೆ ಹುಡುಕಿದ್ದು ತನ್ನ ಮನೆಯೊಳಗೆ, ಸಿಕ್ಕದ್ದು ಆಕೆಯ ಕೈಗೇ. ಕಡಲ ಮರಳಿನಲ್ಲಿ ಹುಡುಕುವವರು ಒಬ್ಬರು, ಸಿಕ್ಕುವುದು ಇನ್ನೊಬ್ಬರಿಗೆ. ಸಿಕ್ಕವರ ಮನಸ್ಸು ನೆಟ್ಟಗಿರದಿದ್ದರೆ ಎಂಥ ಯಂತ್ರ ಬಂದರೂ ಕಳೆದುಕೊಂಡವರಿಗೆ ಏನು ಬಂತು?

ಓಲೆ ಯಾರದೆಂದು ತಿಳಿಯುವ ಬಗೆಯನ್ನೂ ಹುಡುಕಿದೆವು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯವಾದ ಆಭರಣಗಳನ್ನು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತಿಲ್ಲದೆ ಅಂಗಡಿಗಳು ಮಾರುವಂತಿಲ್ಲ. ಭಾರತೀಯ ಮಾನಕ ಸಂಸ್ಥೆಯ 'ಬಿಐಎಸ್ ಕೇರ್' ಎಂಬ ಮೊಬೈಲ್ ಸೌಲಭ್ಯದಲ್ಲಿ ಆ ಗುರುತನ್ನು ಕೊಟ್ಟರೆ ಒಡವೆಯು ಯಾವ ಅಂಗಡಿಯ ಹೆಸರಿನಲ್ಲಿ ಪರೀಕ್ಷೆಗೊಂಡಿತೆಂದು ತಿಳಿಯುತ್ತದೆ. ಕೊಂಡವರ ಹೆಸರು ಅದರಲ್ಲಿರದು, ಆದರೆ ಅಂಗಡಿಯವರೆಗಾದರೂ ದಾರಿ ಸಿಕ್ಕೀತು. ನಮ್ಮ ಓದುಗರು ಒಡವೆ ಕೊಂಡ ರಸೀದಿಯನ್ನೂ ಈ ಗುರುತನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಎರಡು ಗ್ರಾಮಿಗಿಂತ ಕಡಿಮೆ ತೂಕದ ಒಡವೆಗಳಿಗೆ ಈ ಕಡ್ಡಾಯವಿಲ್ಲ. ನಮ್ಮ ಓಲೆ ಆ ಜಾತಿಯದು, ಯಾವ ಗುರುತೂ ಇರಲಿಲ್ಲ. ಹುಡುಗನ ತಂದೆ ಅದನ್ನು ಹತ್ತಿರದ ಪೊಲೀಸ್ ಚೌಕಿಗೆ ಒಪ್ಪಿಸಿ, ಸಿಕ್ಕ ಜಾಗವನ್ನೂ ಹೊತ್ತನ್ನೂ ಬರೆಸಿ ಬಂದರು.

ಈ ವರ್ಷದ ಯಾತ್ರೆಗೆ ಬಸ್ಸು ಗೊತ್ತಾಗಿದೆ. ಉಂಗುರ, ಓಲೆ, ಸರಗಳನ್ನು ಮನೆಯಲ್ಲಿಯೇ ಬಿಟ್ಟು ಬರಬೇಕೆಂದು ಹಿರಿಯರು ಎಲ್ಲರಿಗೂ ತಿಳಿಸಿದ್ದಾರೆ. ಆ ತಾಯಿಯೂ ಹೊರಟಿದ್ದಾರೆ. ಹೊಸ ಉಂಗುರ ಮಾಡಿಸೋಣವೆಂದ ಮಗನಿಗೆ ಈಗಲೇ ಬೇಡವೆಂದರಂತೆ. ಓಲೆಯನ್ನು ಕೇಳಿಕೊಂಡು ಯಾರಾದರೂ ಬಂದಿದ್ದರೇ ಎಂದು ಅವರು ಮೊದಲು ಚೌಕಿಯಲ್ಲಿ ವಿಚಾರಿಸಬೇಕಂತೆ.