ಮೇಕೆದಾಟಿನಲ್ಲಿ ಈಜು ಅಪಾಯವೇಕೆ?

ಪ್ರಶ್ನೆ: ಮೇಕೆದಾಟಿನಲ್ಲಿ ಕಾವೇರಿ ಶಾಂತವಾಗಿ ಕಂಡಾಗಲೂ ಈಜುವುದು ಅಪಾಯವೇಕೆ?
– ಓದುಗರು, ಕುಮಾರ ಪಾರ್ಕ್, ಬೆಂಗಳೂರು

ಉತ್ತರ: ಕನಕಪುರ ತಾಲ್ಲೂಕಿನಲ್ಲಿ ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮದಿಂದ ಸುಮಾರು 4 ಕಿ.ಮೀ. ಕೆಳಗೆ, ಅಗಲವಾಗಿ ಹರಿದುಬರುವ ನದಿಯು ಕಂದರವನ್ನು, ಎಂದರೆ ಕಡಿದಾದ ಬಂಡೆಗಳ ನಡುವಿನ ಇಕ್ಕಟ್ಟಾದ ಆಳ ಕಣಿವೆಯನ್ನು, ಪ್ರವೇಶಿಸುತ್ತದೆ. ಅಷ್ಟೂ ನೀರು ಕಿರಿದಾದ ದಾರಿಯಲ್ಲೇ ಸಾಗಬೇಕಾದುದರಿಂದ ಆಳವೂ ಸೆಳೆತವೂ ಹೆಚ್ಚುತ್ತವೆ. ಸುಳಿಗೆ ಸಿಕ್ಕ ಕಲ್ಲುಗಳು ತಿರುಗುತ್ತಾ ಕಠಿಣ ಶಿಲೆಯಲ್ಲಿ ಮಡಕೆಯಾಕಾರದ ಗುಂಡಿಗಳನ್ನು ಕೊರೆದಿದ್ದು, ಅವು ನೀರಿನಡಿಯಲ್ಲಿ ಕಾಣಿಸುವುದಿಲ್ಲ; ಮೇಲಿನ ಜಲಾಶಯಗಳಿಂದ ನೀರು ಬಿಟ್ಟಾಗ ಹರಿವು ಏರುತ್ತದೆ, ನಯವಾದ ಬಂಡೆಗಳ ಮೇಲೆ ಕಾಲು ಜಾರುತ್ತದೆ. 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮದ ಈ ಪರಿಸರದಲ್ಲಿ ನಡಿಗೆಯೂ ಪಕ್ಷಿವೀಕ್ಷಣೆಯೂ ಸಾಕಷ್ಟು ಆನಂದ ನೀಡುವುದರಿಂದ, ಅರಣ್ಯ ಸಿಬ್ಬಂದಿಯ ಸೂಚನೆಯನ್ನು ಪಾಲಿಸಿ, ನೀರಿಗಿಳಿಯದೆ ದೂರದಿಂದಲೇ ಕಂದರವನ್ನು ನೋಡುವುದು ಕ್ಷೇಮಕರ.