ಮಗ್ಗದಿಂದ ಮೋಟಾರಿಗೆ: ಟೊಯೋಟಾ ಉದ್ಯಮದ ಹಿನ್ನೆಲೆ

ದೇವದುರ್ಗ, ಮಾನ್ವಿ ತಾಲ್ಲೂಕುಗಳ ಎರೆಭೂಮಿಯ ಹತ್ತಿ ರಾಯಚೂರಿನ ಮಾರುಕಟ್ಟೆಗೆ ಬರುವ ದಾರಿಯಲ್ಲಿಯೇ ಟೊಯೋಟಾ ಕಾರುಗಳೂ ಓಡಾಡುತ್ತವೆ. ಈ ಎರಡಕ್ಕೂ ನಂಟುಂಟೆಂದು ಮೇಲ್ನೋಟಕ್ಕೆ ತೋರದು. ಆದರೆ ಆ ಜಪಾನೀ ಉದ್ಯಮದ ಬೇರು ಇರುವುದು ಹತ್ತಿಯ ನೂಲಿನಲ್ಲಿ.

ಇದರ ಮೂಲಪುರುಷನಾದ ಸಾಕಿಚಿ ಟೊಯೋಡನು 1867ರಲ್ಲಿ ಹಳ್ಳಿಯ ಬಡಗಿಯೊಬ್ಬನ ಮಗನಾಗಿ ಜನಿಸಿದನು. 1891ರಲ್ಲಿ ಮರದ ಕೈಮಗ್ಗವೊಂದಕ್ಕೆ ಸ್ವಾಮ್ಯಪತ್ರ ಪಡೆದನು. ಅವನ ಶ್ರಮದ ಪರಮಾವಧಿಯೆನ್ನಬಹುದಾದುದು 1924ರ ಸ್ವಯಂಚಾಲಿತ ಮಗ್ಗ. ಹೊಕ್ಕಿನ ನೂಲು ಮುಗಿಯುತ್ತಲೇ, ಓಟ ನಿಲ್ಲದಂತೆ, ಹೊಸ ಲಾಳಿ ತಾನಾಗಿ ಬಂದು ಸೇರುತ್ತಿತ್ತು. ಹಾಸಿನ ಎಳೆಯೊಂದು ಹರಿದರೆ ಮಗ್ಗವೇ ನಿಂತುಬಿಡುತ್ತಿತ್ತು. ಆದುದರಿಂದ ಕೆಟ್ಟ ಬಟ್ಟೆ ನೇಯಲ್ಪಡುತ್ತಿರಲಿಲ್ಲ. ಒಬ್ಬ ಕೆಲಸಗಾರನು ಹಲವು ಮಗ್ಗಗಳನ್ನು ನೋಡಿಕೊಳ್ಳಬಹುದಾಗಿತ್ತು. ದೋಷ ಕಂಡೊಡನೆ ಕೆಲಸ ನಿಲ್ಲಬೇಕೆಂಬ ಈ ತತ್ತ್ವವನ್ನೇ ಮುಂದೆ ಕಾರು ತಯಾರಿಕೆಗೂ ಅನ್ವಯಿಸಲಾಯಿತು. ಆ ಕಾರ್ಯದಲ್ಲಿ ಪ್ರಮುಖನಾದ ತೈಇಚಿ ಓನೋ ಎಂಬವನು ಟೊಯೋಡ ಮನೆತನದ ನೂಲಿನ ಗಿರಣಿಯಿಂದಲೇ 1943ರಲ್ಲಿ ಮೋಟಾರು ಕಂಪನಿಗೆ ಬಂದವನು.

1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಸಂಸ್ಥೆಯು ಈ ಮಗ್ಗದ ಸ್ವಾಮ್ಯವನ್ನು 1,00,000 ಪೌಂಡುಗಳಿಗೆ ಕೊಳ್ಳಲು ಒಪ್ಪಿತು. ಆ ಹಣವೇ ಕಾರಿಗೆ ಬಂಡವಾಳವಾಯಿತೆಂಬ ಕಥೆ ಬಹು ಪ್ರಸಿದ್ಧ. ಕಥೆ ಸೊಗಸಾಗಿದೆ, ಆದರೆ ಹಣಕ್ಕಿಂತ ಮಗ್ಗದ ಕಾರ್ಖಾನೆಯ ಎರಕದ ಕೌಶಲವೂ ಯಂತ್ರಗಾರರೂ ಹೆಚ್ಚಿನ ಬಂಡವಾಳವಾಗಿದ್ದಂತೆ ನನಗೆ ತೋರುತ್ತದೆ. ಸಾಕಿಚಿಯ ಮಗ ಕೀಚಿರೋ 1933ರಲ್ಲಿ ಮೋಟಾರು ವಿಭಾಗವನ್ನು ತೆರೆದದ್ದೂ ಆ ಕಾರ್ಖಾನೆಯೊಳಗೇ. ಜಪಾನಿನಲ್ಲಿ ಆಗ ಫೋರ್ಡ್, ಜನರಲ್ ಮೋಟಾರ್ಸ್ ಸಂಸ್ಥೆಗಳದೇ ಪ್ರಾಬಲ್ಯ. 1936ರ ಶಾಸನವು ಸ್ವದೇಶೀ ತಯಾರಕರಿಗೆ ರಕ್ಷಣೆಯಿತ್ತಿತು. 1937ರಲ್ಲಿ ಟೊಯೋಟಾ ಮೋಟಾರು ಕಂಪನಿ ಸ್ಥಾಪಿತವಾಯಿತು.

ಈ ಏಳಿಗೆಯನ್ನು ಅವಿಚ್ಛಿನ್ನವೆಂದು ತಿಳಿಯಬಾರದು. 1950ರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂದಿತ್ತು. ಮುಷ್ಕರ ನಡೆದು, ಸುಮಾರು 2,000 ಕಾರ್ಮಿಕರು ಕೆಲಸ ಬಿಡಬೇಕಾಯಿತು. ಕೀಚಿರೋ ಅಧ್ಯಕ್ಷ ಪದವಿಯನ್ನು ತ್ಯಜಿಸಿದನು. ಅದೇ ಜೂನಿನಲ್ಲಿ ಕೊರಿಯಾ ಯುದ್ಧವು ಆರಂಭವಾಗಿ, ಅಮೆರಿಕದ ಸೇನೆ ಲಾರಿಗಳನ್ನು ಬೇಡಿದ್ದರಿಂದ ಕಂಪನಿ ಉಳಿಯಿತು. ನೆರೆನಾಡಿನ ದುರಂತ ಒಂದು ಉದ್ಯಮಕ್ಕೆ ಜೀವದಾನವಾದದ್ದನ್ನು ಪ್ರಶಸ್ತಿ ರೂಪದ ಇತಿಹಾಸಗಳು ಮೆಲ್ಲನೆ ದಾಟಿಹೋಗುತ್ತವೆ.

ನಮ್ಮ ಜಿಲ್ಲೆಯ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಸ್ವದೇಶದ ಹತ್ತಿ ಬೆಳೆ ಕ್ಷೀಣಿಸಿದ್ದ ಜಪಾನು ಭಾರತದ ಹತ್ತಿಯನ್ನು ಹೇರಳವಾಗಿ ಕೊಳ್ಳುತ್ತಿತ್ತು. 1893ರಲ್ಲಿ ಮುಂಬಯಿಗೆ ಹಡಗಿನ ಮಾರ್ಗವನ್ನೇ ತೆರೆದಿತ್ತು. ಹತ್ತಿ ಬೆಳೆದ ನಾಡಿನಲ್ಲಿ ಯಂತ್ರೋದ್ಯಮ ತಾನಾಗಿ ಹುಟ್ಟುತ್ತದೆಂಬ ಊಹೆಗೆ ಇದರಿಂದ ಬಾಧೆ ಬರುತ್ತದೆ. ರಾಯಚೂರಿನಲ್ಲಿ ಹತ್ತಿಯ ಬೀಜ ಬಿಡಿಸಿ ಅರಳೆಯನ್ನು ಬೇಲು ಕಟ್ಟುವ ಕಾರ್ಖಾನೆಗಳು ಬೆಳೆದವು. ಮಗ್ಗ ಕಟ್ಟುವ ಕಾರ್ಖಾನೆ ಬೆಳೆಯಲಿಲ್ಲ.

ಕನ್ನಡ ನಾಡಿನಲ್ಲಿ ಈ ಕಥೆಗೆ ಸಮೀಪವಾದುದು ಕಿರ್ಲೋಸ್ಕರ ಮನೆತನದ್ದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಬಳಿಕ ಕಬ್ಬಿಣದ ನೇಗಿಲುಗಳನ್ನು ತಯಾರಿಸಿದರು. 1941ರಲ್ಲಿ ಹರಿಹರದಲ್ಲಿ ಲೇತ್ ಯಂತ್ರಗಳ ಕಾರ್ಖಾನೆ ಬಂದಿತು. ಈ ಮನೆತನವೂ ಟೊಯೋಡ ಮನೆತನವೂ 1995ರಲ್ಲಿ ಕೂಡಿದ್ದು ಕಾರಿಗಾಗಿಯಲ್ಲ, ಜವಳಿ ಯಂತ್ರಗಳಿಗಾಗಿ ಎಂಬುದು ಸ್ವಾರಸ್ಯಕರ. ಕಾರಿನ ಕಂಪನಿ 1997ರಲ್ಲಿ ರೂಪುಗೊಂಡು, ಬಿಡದಿಯಲ್ಲಿ 1999ರ ಡಿಸೆಂಬರಿನಲ್ಲಿ ಕ್ವಾಲಿಸ್ ತಯಾರಿಕೆ ಮೊದಲಾಯಿತು. 2005ರಲ್ಲಿ ಅದರ ಸ್ಥಾನಕ್ಕೆ ಇನೋವಾ ಬಂದಿತು. 2006ರಲ್ಲಿಯೂ 2020ರ ನವೆಂಬರಿನಲ್ಲಿಯೂ ಅಲ್ಲಿ ಮುಷ್ಕರ, ಬೀಗಮುದ್ರೆಗಳು ಸಂಭವಿಸಿದವು. 2007ರಲ್ಲಿ ಆ ಆವರಣದಲ್ಲಿ ತೆರೆದ ತಾಂತ್ರಿಕ ತರಬೇತಿ ಶಾಲೆಯು ಹತ್ತನೆಯ ತರಗತಿ ಮುಗಿಸಿದ ಬಡ ಗ್ರಾಮೀಣ ವಿದ್ಯಾರ್ಥಿಗಳಿಗಾಗಿ ಏರ್ಪಟ್ಟದ್ದು.